ಹಗ್ಗದ ಆಚೆ ನಿಂತವಳು

ಬೇಸಿಗೆ ರಜೆಯಲ್ಲಿ ನನ್ನ ಅಣ್ಣ ಹಿತ್ತಲಲ್ಲಿ ರಿಂಗ್ ಕಟ್ಟುತ್ತಿದ್ದ. ಹುಲ್ಲಿನ ಮೆದೆಯ ಬುಡದಲ್ಲಿ ಉದುರಿದ್ದನ್ನೆಲ್ಲ ಎಳೆದು ಹರಡಿ, ನಾಲ್ಕು ಗೂಟ ನೆಟ್ಟು, ದನ ಕಟ್ಟುವ ಹಗ್ಗ ಸುತ್ತಿದರೆ ಆಯಿತು. ಟಿವಿ ಕುಸ್ತಿಯವರ ಚಿತ್ರವಿರುವ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡುಗಳ ಕಾಲ ಅದು. ಯಾರ ಎದೆ ಎಷ್ಟು ಇಂಚು, ಯಾರ ತೂಕ ಎಷ್ಟು ಅನ್ನೋದು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯ ಇಬ್ಬರು ಹುಡುಗರು ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಅವನಿಗೊಬ್ಬ ಜೋಡಿ ಬೇಕಿತ್ತು. ಬೇರೆ ಯಾರೂ ಸಿಗದ ದಿನ ನನ್ನನ್ನು ಕರೆಯುತ್ತಿದ್ದ.

“ಇಲ್ಲೇ ನಿಂತ್ಕೊಂಡಿರು. ನಾನು ಕೈ ಕೊಟ್ಟಾಗ ಒಳಗೆ ಬಾ.”

ಒಂದು ಬೇಸಿಗೆ ಪೂರ್ತಿ ನಿಂತೆ. ಅವನು ಕೈ ಕೊಡಲೇ ಇಲ್ಲ. ಅಥವಾ ಇನ್ನೊಂದು ಅರ್ಥದಲ್ಲಿ, ದಿನಾ ಕೈ ಕೊಟ್ಟ.

ಇದನ್ನು ನಾನು ಪೂರ್ತಿ ಮರೆತಿದ್ದೆ. ನೆನಪಾಗಿದ್ದು ಒಂದು ರಾತ್ರಿ, ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತಾ ಮಲಗಿದ್ದಾಗ. ಯಾವುದೋ ಹಳೆಯ ವಿಡಿಯೊ ಟೇಪಿನಿಂದ ಇಳಿಸಿದ, ಬಣ್ಣ ಮಾಸಿದ ಒಂದು ಕುಸ್ತಿ ಪಂದ್ಯ ಸಿಕ್ಕಿತು. ಜಪಾನಿನ ಕವಾಸಾಕಿ ನಗರದ ಕ್ರೀಡಾಂಗಣ, 1992ರ ನವೆಂಬರ್ 26. ನಾಲ್ಕು ಹುಡುಗಿಯರು. ಐದು ನಿಮಿಷ ನೋಡಿ ಮಲಗೋಣ ಅಂದುಕೊಂಡವಳು ಎದ್ದು ಕೂತೆ. ಹತ್ತಿರ ಹತ್ತಿರ 40 ನಿಮಿಷದ ಆಟ ಮುಗಿದಾಗ ಕಾಲು ಜೋಮು ಹಿಡಿದಿತ್ತು.

ಒಂದು ಕಡೆ ಮನಾಮಿ ಟೊಯೋಟಾ ಮತ್ತು ತೊಶಿಯೊ ಯಮಾಡಾ. (ಹೌದು, ಟೊಯೋಟಾ, ಕವಾಸಾಕಿ ಅಂದ ತಕ್ಷಣ ನನಗೂ ಕಾರು, ಬೈಕೇ ನೆನಪಾಗಿದ್ದು.) ಇನ್ನೊಂದು ಕಡೆ ಡೈನಮೈಟ್ ಕನ್ಸಾಯ್ ಮತ್ತು ಮಯುಮಿ ಒಝಾಕಿ. ಪಣಕ್ಕಿದ್ದದ್ದು ಡಬ್ಲ್ಯುಡಬ್ಲ್ಯುಡಬ್ಲ್ಯುಎ ಟ್ಯಾಗ್ ಬೆಲ್ಟು. ಜಪಾನಿನ ಹೆಂಗಸರ ಕುಸ್ತಿಯಲ್ಲಿ ಜೋಡಿಗಳಿಗೆ ಅದಕ್ಕಿಂತ ದೊಡ್ಡ ಪಟ್ಟ ಆಗ ಇರಲಿಲ್ಲ. ಮೂರು ಸುತ್ತು, ಎರಡು ಗೆದ್ದವರಿಗೆ ಬೆಲ್ಟು. ಟೊಯೋಟಾ, ಯಮಾಡಾ ದೊಡ್ಡ ಕಂಪನಿಯವರು. ಅದರ ಪೂರ್ತಿ ಹೆಸರು ಝೆನ್ ನಿಹೊನ್ ಜೊಶಿ ಪುರೊರೆಸು, ಅಭಿಮಾನಿಗಳ ಬಾಯಲ್ಲಿ ಝೆಂಜೊ. ಕನ್ಸಾಯ್, ಒಝಾಕಿ ಜೆಡಬ್ಲ್ಯುಪಿ ಅನ್ನುವ ಸಣ್ಣ ಕಂಪನಿಯವರು. ಅವರಿದ್ದ ಹಳೆಯ ಕಂಪನಿ ಅದೇ ವರ್ಷ ಒಡೆದು ಎರಡಾಗಿತ್ತು. ಹೊಸ ಮನೆಯ ಗೋಡೆಯ ಸುಣ್ಣ ಆರುವ ಮುಂಚೆಯೇ ದೊಡ್ಡವರ ಮನೆಗೆ ಹೋಗಿ ತೊಡೆ ತಟ್ಟಿದ್ದರು ಅನ್ನಿ.

ಇವರೆಲ್ಲ ನನಗಿಂತ ಹಿರಿಯರು, ಬಹುವಚನದಲ್ಲೇ ಬರೆಯಬೇಕು. ಆದರೆ ರಿಂಗಿಗೆ ಇಳಿದವರ ಬಗ್ಗೆ ಬರೆಯುವಾಗ ಏಕವಚನವೇ ಬರುತ್ತದೆ, ಏನು ಮಾಡೋದು.

ಪಂದ್ಯ ಶುರುವಾಗುವ ಮುಂಚಿನ ಶಾಸ್ತ್ರಗಳೇ ನನಗೆ ಇಷ್ಟ. ಉದ್ಘೋಷಕ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ ಹಾಗೆ ಜನ ಕಾಗದದ ಸುರುಳಿ ಎಸೆಯುತ್ತಾರೆ. ಬಣ್ಣಬಣ್ಣದ, ಉದ್ದದ ಕಾಗದದ ಪಟ್ಟಿ. ಎಸೆಯುವವರು ಅದರ ನಡುವಿನ ಗಟ್ಟಿ ರಟ್ಟನ್ನು ಮೊದಲೇ ತೆಗೆದಿರುತ್ತಾರೆ. ಮೈಗೆ ಬಿದ್ದರೆ ಪೆಟ್ಟಾಗಬಾರದಲ್ಲ. ಹತ್ತು ನಿಮಿಷದಲ್ಲಿ ಒಬ್ಬರ ಎದೆಗೆ ಇನ್ನೊಬ್ಬರು ಒದೆಯುವ ಜಾಗದಲ್ಲಿ ಇಷ್ಟೊಂದು ಜೋಪಾನ! ಕ್ಷಣದಲ್ಲಿ ರಿಂಗ್ ತುಂಬ ಕಾಗದ. ಟ್ರ್ಯಾಕ್ ಸೂಟ್ ಹಾಕಿದ ಕಿರಿಯ ಹುಡುಗಿಯರು, ಇನ್ನೂ ಕಲಿಯುತ್ತಿರುವವರು, ಓಡಿ ಬಂದು ಅದನ್ನೆಲ್ಲ ಎರಡೂ ತೋಳಲ್ಲಿ ಬಾಚಿ, ರಿಂಗಿನಾಚೆ ತಳ್ಳಿ ಮಾಯವಾಗುತ್ತಾರೆ. ಮದುವೆ ಮನೆಯಲ್ಲಿ ಎಲೆ ಎತ್ತುವವರ ಹಾಗೆ. ಅವರ ಮುಖ ಯಾರೂ ನೋಡುವುದಿಲ್ಲ. ನಾಲ್ಕೈದು ವರ್ಷದ ಹಿಂದೆ ಟೊಯೋಟಾಳೂ ಅದನ್ನೇ ಬಾಚುತ್ತಿದ್ದವಳು.

ಇನ್ನೊಂದು ಶಾಸ್ತ್ರ ಇದೆ. ಬೆಲ್ಟಿನ ಪಂದ್ಯ ಅಂದರೆ ಮೊದಲು ಒಂದು ಫೋಟೊ. ಬೆಲ್ಟನ್ನು ಮಧ್ಯೆ ಇಟ್ಟುಕೊಂಡು ಎದುರಾಳಿಗಳೆಲ್ಲ ಒಟ್ಟಿಗೆ ಸಾಲಾಗಿ ನಿಂತು ಕ್ಯಾಮೆರಾ ನೋಡುತ್ತಾರೆ. ಶಾಲೆಯ ಗ್ರೂಪ್ ಫೋಟೊ ಥರ. ನಗು ಇರುವುದಿಲ್ಲ, ಆದರೆ ಭುಜಕ್ಕೆ ಭುಜ ತಾಗಿರುತ್ತದೆ.

ಮೈಸೂರು ದಸರಾ ಕುಸ್ತಿ ನೋಡಿದವರಿಗೆ ‘ಜೋಡಿ ಕಟ್ಟುವುದು’ ಅಂದರೆ ಗೊತ್ತಿರುತ್ತದೆ. ಪಂದ್ಯಾವಳಿಗೆ ಮುಂಚೆ ಪೈಲ್ವಾನರನ್ನು ಸೇರಿಸಿ, ಯಾರಿಗೆ ಯಾರು ಸರಿಸಾಟಿ ಅಂತ ನೋಡಿ, ಜೋಡಿ ಮಾಡುತ್ತಾರೆ. ಅಲ್ಲಿ ಜೋಡಿ ಅಂದರೆ ಜೊತೆಗಾರ ಅಲ್ಲ, ಎದುರಾಳಿ. ನನ್ನನ್ನು ಅಖಾಡದ ಮಣ್ಣಿಗೆ ಕೆಡವಲು ಬರುವವನೇ ನನ್ನ ಜೋಡಿ. ಚಿಕ್ಕಂದಿನಲ್ಲಿ ಇದು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಎತ್ತಿನ ಜೋಡಿ, ಗಂಡಹೆಂಡಿರ ಜೋಡಿ, ಚಪ್ಪಲಿ ಜೋಡಿ, ಎಲ್ಲ ಒಂದೇ ಕಡೆಗೆ ನಡೆಯುವಂಥವು. ಕುಸ್ತಿಯ ಜೋಡಿ ಮಾತ್ರ ಎದುರುಬದುರು ಯಾಕೆ? ಟೊಯೋಟಾ ಮತ್ತು ಯಮಾಡಾ ಕಥೆ ಓದಿದ ಮೇಲೆ ಆ ಪದದ ಎರಡೂ ಅರ್ಥ ಒಟ್ಟಿಗೆ ಕೂತವು. ಯಾಕೆಂದರೆ ಅವರಿಬ್ಬರೂ ಒಬ್ಬರಿಗೊಬ್ಬರು ಎರಡೂ ಥರದ ಜೋಡಿ.

ಇಬ್ಬರೂ 1987ರಲ್ಲಿ ಒಟ್ಟಿಗೆ ರಿಂಗಿಗೆ ಬಂದವರು. ಟೊಯೋಟಾಗೆ ಆಗ 16. ಒಂದೇ ಬ್ಯಾಚು, ಒಂದೇ ಬಸ್ಸು, ಒಂದೇ ತಾಲೀಮು. ಕವಾಸಾಕಿಯ ಪಂದ್ಯಕ್ಕೆ ಸರಿಯಾಗಿ 103 ದಿನ ಮುಂಚೆ, 1992ರ ಆಗಸ್ಟ್ 15ರಂದು, ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಈ ಗೆಳತಿಯರೇ ಎದುರಾಳಿಗಳಾದರು. ಪಣ, ಕೂದಲು. ಸೋತವಳ ಕೂದಲಿಗೆ ಅಲ್ಲೇ, ಜನರೆದುರೇ, ರಿಂಗಿನ ಮಧ್ಯೆ ಕುರ್ಚಿ ಹಾಕಿ ಕತ್ತರಿ.

ಟೊಯೋಟಾ ಗೆದ್ದಳು. ಗೆದ್ದವಳು ಬೆಲ್ಟು ಎತ್ತಿ ಕುಣಿಯಬೇಕು ಅಲ್ವಾ? ಅವಳು ಅತ್ತಳು. ಯಮಾಡಾ ಮಾತು ತಪ್ಪುವವಳಲ್ಲ, ತಾನಾಗಿ ಹೋಗಿ ಕುರ್ಚಿಯಲ್ಲಿ ಕೂತಳು. ಕತ್ತರಿ ಶುರುವಾದಾಗ ಟೊಯೋಟಾ ಅದನ್ನು ತಡೆಯಲು ನುಗ್ಗಿದಳು. ಉಳಿದವರು ಅವಳನ್ನು ಹಿಡಿದು ನಿಲ್ಲಿಸಬೇಕಾಯಿತು. ನಾನು ಇದನ್ನು ಬಿಟ್ಟು ಬಿಟ್ಟು ಮೂರು ಸಲ ನೋಡಿದೆ. ಕೂತವಳು ಶಾಂತ. ಗೆದ್ದವಳು ಇನ್ನೊಬ್ಬರ ಕೈಯಲ್ಲಿ ಒದ್ದಾಡುತ್ತಿದ್ದಾಳೆ.

ಹಾಗಾಗಿ ಕವಾಸಾಕಿಯಲ್ಲಿ ಯಮಾಡಾಳ ಗಿಡ್ಡ ಕೂದಲು ಬರೀ ಗಿಡ್ಡ ಕೂದಲಲ್ಲ. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಯಾರ ಕೈಯಿಂದ ಹೋಯಿತು ಅಂತ ಗೊತ್ತು. ಆ ಕೈಯವಳೇ ಈಗ ಪಕ್ಕದಲ್ಲಿ ನಿಂತಿದ್ದಾಳೆ.

ಆಟದ ಬಗ್ಗೆ. ಯಮಾಡಾ ಮತ್ತು ಕನ್ಸಾಯ್ ಇಬ್ಬರೂ ಒದೆಯುವವರು. ಎದುರುಬದುರು ನಿಂತರೆ ಎದೆ, ತೊಡೆ, ಕುತ್ತಿಗೆ, ಎಲ್ಲೆಂದರಲ್ಲಿ ಒದೆ. ಆ ಸದ್ದು ಕಲ್ಲಿನ ಮೇಲೆ ಒದ್ದೆ ಬಟ್ಟೆ ಒಗೆದ ಹಾಗೆ ಕೇಳುತ್ತದೆ. ಟೊಯೋಟಾ ಬೇರೆ ಜಾತಿಯ ಪ್ರಾಣಿ. ತೆಳ್ಳಗೆ, ಉದ್ದ ಕೂದಲು, ಒಂದು ಕಡೆ ನಿಲ್ಲುವವಳೇ ಅಲ್ಲ. ಕಿರುಚುತ್ತಾ ಓಡುತ್ತಾಳೆ, ಎರಡೂ ಕಾಲು ಜೋಡಿಸಿ ಎದೆಗೆ ಹಾರುತ್ತಾಳೆ, ಎದ್ದು ಮತ್ತೆ ಹಾರುತ್ತಾಳೆ. ಹಗ್ಗದ ತುದಿ ಹತ್ತಿ ಬೆನ್ನು ಹಾಕಿ ನಿಂತು ಹಿಂದಕ್ಕೆ ಲಾಗ ಹೊಡೆದು ಮಲಗಿದವಳ ಮೇಲೆ ಬೀಳುತ್ತಾಳೆ. ಅವಳನ್ನು ಕೆಡವಿ ಭುಜ ಅಮುಕಿದರೆ ಕತ್ತು, ಪಾದ ಎರಡರ ಮೇಲೇ ನಿಂತು ಮೈಯನ್ನು ಕಮಾನಿನ ಹಾಗೆ ಎತ್ತಿಬಿಡುತ್ತಾಳೆ. ಮೇಲಿದ್ದವಳ ತೂಕವನ್ನೂ ಸೇರಿಸಿ. ಒಝಾಕಿ ನಾಲ್ವರಲ್ಲಿ ಪುಟ್ಟವಳು, ಮತ್ತು ನನ್ನ ಪ್ರಕಾರ ಅತೀ ಚಾಲಾಕಿ. ಅವಳ ಕಣ್ಣು ಯಾವಾಗಲೂ ಇನ್ನೆಲ್ಲೋ ಇರುತ್ತದೆ.

ಕನ್ಸಾಯ್‌ಳ ಬ್ರಹ್ಮಾಸ್ತ್ರಕ್ಕೆ ‘ಸ್ಪ್ಲಾಶ್ ಮೌಂಟನ್’ ಅಂತ ಹೆಸರು. ಎದುರಾಳಿಯನ್ನು ತನ್ನ ಭುಜದ ಮೇಲೆ ಅಂಗಾತ ಎತ್ತಿ, ಎರಡೂ ಕೈ ಶಿಲುಬೆಯ ಹಾಗೆ ಅಗಲಿಸಿ ಹಿಡಿದು, ಅಷ್ಟೆತ್ತರದಿಂದ ತಾನು ಕೂರುತ್ತಾ ಕೆಳಗೆ ಕುಕ್ಕುವುದು. ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಿ ಇದೇ ಹೆಸರಿನ ನೀರಿನ ಜಾರು ಆಟ ಶುರುವಾಗಿದ್ದೂ ಅದೇ 1992ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮಕ್ಕಳು ಟಿಕೆಟ್ ಕೊಟ್ಟು ಸಾಲಲ್ಲಿ ನಿಲ್ಲುತ್ತಿದ್ದರು.

ಆದರೆ ನಾನು ಹೇಳಬೇಕು ಅಂತಿದ್ದದ್ದು ಈ ಪಟ್ಟುಗಳ ಬಗ್ಗೆ ಅಲ್ಲ. ‘ಕಟ್’ ಬಗ್ಗೆ.

ಜೋಡಿ ಪಂದ್ಯದಲ್ಲಿ ಒಳಗೆ ಆಡುವವರು ಇಬ್ಬರು. ಉಳಿದಿಬ್ಬರು ಹಗ್ಗದ ಆಚೆ, ರಿಂಗಿನ ಅಂಚಿನಲ್ಲಿ, ಅಂಗೈ ಅಗಲದ ಜಾಗದಲ್ಲಿ ನಿಂತಿರಬೇಕು. ಒಳಗಿನವಳು ಬಂದು ಕೈ ತಾಗಿಸಿದರೆ ಮಾತ್ರ ಪಾಳಿ ಬದಲು. ನಿಯಮದ ಪ್ರಕಾರ ಇಷ್ಟೇ. ಆದರೆ ಜಪಾನಿನಲ್ಲಿ ರೆಫ್ರಿ ಸ್ವಲ್ಪ ಕಣ್ಣು ಮುಚ್ಚುತ್ತಾನೆ. ತನ್ನ ಜೋಡಿಯ ಭುಜ ನೆಲಕ್ಕೆ ತಾಗಿ ‘ಒನ್, ಟೂ’ ಎಣಿಕೆ ಶುರುವಾದರೆ ಆಚೆಯವಳು ಹಗ್ಗದೊಳಗೆ ನುಗ್ಗಿ ಬಂದು ಒದ್ದು ಬಿಡಿಸಬಹುದು. ಅದಕ್ಕೆ ಅಲ್ಲಿ ಕಟ್ ಅನ್ನುತ್ತಾರೆ. ಮೂರು ಎಣಿಸಿದರೆ ಸೋಲು, ಅದಕ್ಕೆ ಮುಂಚೆ ತಲುಪಬೇಕು. ಎಷ್ಟು ದೂರ? ರಿಂಗಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆರೆಂಟು ಹೆಜ್ಜೆ. ಎಷ್ಟು ಹೊತ್ತು? ಎರಡೂವರೆ ಸೆಕೆಂಡು ಅನ್ನಿ.

ಹಾಗಾಗಿ ಗೆಲ್ಲಬೇಕು ಅಂದರೆ ಕೆಳಗಿರುವವಳನ್ನು ಅಮುಕಿದರೆ ಸಾಲದು. ಆಚೆಯವಳು ಬರದ ಹಾಗೆ ನೋಡಿಕೊಳ್ಳಬೇಕು. ಪಂದ್ಯ ಮುಗಿಯುವ ಹೊತ್ತಿಗೆ ಯಾವಾಗಲೂ ಎರಡು ದೃಶ್ಯ ಒಟ್ಟಿಗೆ ನಡೆಯುತ್ತವೆ. ಒಂದು ರಿಂಗಿನ ಮಧ್ಯೆ, ರೆಫ್ರಿಯ ಅಂಗೈ ನೆಲಕ್ಕೆ ಬಡಿಯುತ್ತಿರುವಲ್ಲಿ. ಇನ್ನೊಂದು ಎರಡು ಮೀಟರ್ ಆಚೆ. ಅಲ್ಲಿ ಒಬ್ಬಳು ತನ್ನ ಜೋಡಿಯ ಕಡೆಗೆ ಹೋಗಲು ಕೈ ಚಾಚಿದ್ದಾಳೆ, ಇನ್ನೊಬ್ಬಳು ಅವಳ ಸೊಂಟ ಹಿಡಿದು ಜಗ್ಗುತ್ತಿದ್ದಾಳೆ. ಕ್ಯಾಮೆರಾ ಮಧ್ಯದ್ದನ್ನೇ ತೋರಿಸುತ್ತದೆ. ನೀವು ಅಂಚನ್ನು ನೋಡಿ. ತಲುಪಲಾಗದವಳ ಮುಖ ನೋಡಿ. ಕೊರಾಕುಯೆನ್ ಹಾಲ್‌ನಲ್ಲಿ ಕತ್ತರಿ ಆಡುವಾಗ ಟೊಯೋಟಾಳನ್ನು ಹಿಡಿದುಕೊಂಡಿದ್ದರಲ್ಲ, ಅದೇ ಭಂಗಿ. ಆ ಪಂದ್ಯದಲ್ಲಿ ಅದು ಗೆದ್ದವಳ ಪಾಡು, ಈ ಆಟದಲ್ಲಿ ಸೋಲುವವಳ ಪಾಡು.

‘ಅದೆಲ್ಲ ಮೊದಲೇ ಮಾತಾಡ್ಕೊಂಡಿರ್ತಾರೆ ಕಣೇ’ ಅಂತ ಹೇಳುವವರಿಗೆ: ಹೌದು, ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತಿರುತ್ತದೆ. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನವರೆಗೆ ಆಟ ನೋಡುವ ಊರಿನವರು ನಾವು, ನಮಗೆ ಇದು ಹೊಸದೇ? ಗೊತ್ತಿಲ್ಲದೆ ಇರುವುದು ಇಷ್ಟೆ, ಭುಜದ ಮೇಲಿಂದ ಬೀಳುವಾಗ ಕತ್ತು ಉಳಿಯುತ್ತದೋ ಇಲ್ಲವೋ. ಅದು ಬೀಳುವವಳ ಕೈಯಲ್ಲಿ ಇಲ್ಲ, ಬೀಳಿಸುವವಳ ಕೈಯಲ್ಲಿದೆ. ಬೆನ್ನು ಹಾಕಿ ಹಾರುವ ಟೊಯೋಟಾಗೆ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಕೆಳಗೆ ಮಲಗಿದ ಒಝಾಕಿ ಸರಿಯಾದ ಜಾಗದಲ್ಲಿ ಇರುತ್ತಾಳೆ ಅನ್ನುವ ನಂಬಿಕೆಯ ಮೇಲೆ ಹಾರುತ್ತಾಳೆ. ಈ ಲೆಕ್ಕದಲ್ಲಿ ಮೈಸೂರಿನ ಉಸ್ತಾದರು ಹೇಳುವುದೇ ಸರಿ, ಎದುರಿಗಿರುವವಳೇ ಜೋಡಿ.

ಝೆಂಜೊದಲ್ಲಿ ಮೊದಲೇ ಮಾತಾಡಿಕೊಳ್ಳದ ಆಟವೂ ಇತ್ತು, ಅದು ಇನ್ನೂ ಕೆಟ್ಟದ್ದು. 1968ರಲ್ಲಿ ಈ ಕಂಪನಿ ಕಟ್ಟಿದ ಮತ್ಸುನಾಗಾ ಅಣ್ಣತಮ್ಮಂದಿರು ಹೊಸ ಹುಡುಗಿಯರ ಪಂದ್ಯಗಳಿಗೆ ಫಲಿತಾಂಶ ಹೇಳಿಕೊಡುತ್ತಿರಲಿಲ್ಲ. ಕೊನೆಗೆ ನಿಜವಾಗಿಯೂ ಅಮುಕಿ, ಭುಜ ನೆಲಕ್ಕೆ ಒತ್ತಿ ಗೆಲ್ಲಬೇಕು. ಇದಕ್ಕೆ ಒಸಾಎಕೊಮಿ ಅಂತ ಹೆಸರು. ಮಾಲೀಕರು ಪಕ್ಕದಲ್ಲಿ ಕೂತು ಅದರ ಮೇಲೆ ಬಾಜಿ ಕಟ್ಟುತ್ತಿದ್ದರಂತೆ. ಕೋಳಿ ಅಂಕ ನೆನಪಾಗುತ್ತದೆ. ಅದರಲ್ಲಿ ಆಡಿದವರೇ ಆಮೇಲೆ ಇದನ್ನೆಲ್ಲ ಹೇಳಿಕೊಂಡಿದ್ದಾರೆ. ಜೊತೆಗೆ ಮೂರು ಕಟ್ಟಳೆ: ಕುಡಿಯಬಾರದು, ಸೇದಬಾರದು, ಗಂಡಸರ ಸಹವಾಸ ಮಾಡಬಾರದು. 25 ದಾಟಿದರೆ ನಿವೃತ್ತಿ. ದೇವಸ್ಥಾನದ ಮಡಿಯೂ ಇಷ್ಟಿರಲಿಕ್ಕಿಲ್ಲ.

ಜನ ಮಾತ್ರ ಮುಗಿಬೀಳುತ್ತಿದ್ದರು. 70ರ ದಶಕದಲ್ಲಿ ಜಾಕಿ ಸಾತೊ, ಮಾಕಿ ಉಎದಾ ಜೋಡಿ. 80ರ ದಶಕದಲ್ಲಿ ಚಿಗುಸಾ ನಗಾಯೊ ಮತ್ತು ಲಯನೆಸ್ ಅಸುಕಾ, ಅಂದರೆ ‘ಕ್ರಶ್ ಗ್ಯಾಲ್ಸ್’. ಇದೇ ಟ್ಯಾಗ್ ಬೆಲ್ಟನ್ನು ಅವರು 1984ರಲ್ಲಿ ಗೆದ್ದರು. ಕುಸ್ತಿಯೂ ಆಡುವುದು, ಹಾಡೂ ಹೇಳುವುದು. ಸ್ಕೂಲ್ ಯೂನಿಫಾರ್ಮಿನ ಹುಡುಗಿಯರು ಸಾವಿರಗಟ್ಟಲೆ ಬಂದು ಅಳುತ್ತಿದ್ದರು. ಜೋಡಿ ಅನ್ನುವುದು ಅಲ್ಲಿ ಎಷ್ಟು ದೊಡ್ಡ ವಿಷಯ ಅಂದರೆ, ಆ ಹುಡುಗಿಯರು ತಮ್ಮ ಗೆಳತಿಯರ ಜೊತೆ ನೀನು ಚಿಗುಸಾ, ನಾನು ಅಸುಕಾ ಅಂತ ಪಾಲು ಮಾಡಿಕೊಂಡಿರಬೇಕು. ನಾನಾಗಿದ್ದರೆ ಮಾಡಿಕೊಳ್ಳುತ್ತಿದ್ದೆ. 1989ರಲ್ಲಿ ಇಬ್ಬರೂ ನಿವೃತ್ತರಾದರು. ಆ ಹುಡುಗಿಯರೂ ನಿಧಾನಕ್ಕೆ ಬರುವುದು ಬಿಟ್ಟರು. ಖಾಲಿ ಕುರ್ಚಿಗಳಲ್ಲಿ ಬಂದು ಕೂತದ್ದು ಹೆಚ್ಚಾಗಿ ಗಂಡಸರು. ಬೇರೆ ಕಂಪನಿಯವರನ್ನು ಮನೆಯೊಳಗೆ ಬಿಟ್ಟುಕೊಂಡು ಜೋಡಾಟ ಆಡಿಸುವ ಯೋಚನೆ ಬಂದದ್ದು ಇದೆಲ್ಲ ಆದ ಮೇಲೆ.

ಕವಾಸಾಕಿಯಲ್ಲಿ ಟೊಯೋಟಾ, ಯಮಾಡಾ 2-1ರಿಂದ ಬೆಲ್ಟು ಉಳಿಸಿಕೊಂಡರು. ಸೋತವರು ಸೋತು ದೊಡ್ಡವರಾದರು. ಕಥೆ ಅಲ್ಲಿಗೆ ನಿಲ್ಲಲಿಲ್ಲ. 1993ರ ಏಪ್ರಿಲ್ 11ರಂದು ಒಸಾಕಾದಲ್ಲಿ ಮತ್ತೆ ಅದೇ ನಾಲ್ವರು. ಡೈನಮೈಟ್ ಕನ್ಸಾಯ್ ಅನ್ನುವುದು ರಿಂಗಿನ ಹೆಸರು. ಕನ್ಸಾಯ್ ಅಂದರೆ ಒಸಾಕಾ, ಕ್ಯೋಟೊ ಇರುವ ಆ ಪಶ್ಚಿಮದ ಸೀಮೆ. ಅವಳು ಕ್ಯೋಟೊದವಳು. ಅಂದರೆ ‘ಧಾರವಾಡ’ ಅಂತಲೇ ಹೆಸರಿಟ್ಟುಕೊಂಡ ಪೈಲ್ವಾನಳು ಹುಬ್ಬಳ್ಳಿಯಲ್ಲಿ ಆಡಲು ಬಂದ ಹಾಗೆ. ಜನ ಯಾರ ಕಡೆ ಅಂತ ಕೇಳಬೇಕೇ? ಆ ರಾತ್ರಿ ಬೆಲ್ಟು ಸಣ್ಣ ಕಂಪನಿಯ ಪಾಲಾಯಿತು. ಅಮೆರಿಕದ ‘ರೆಸ್ಲಿಂಗ್ ಅಬ್ಸರ್ವರ್’ ಪತ್ರಿಕೆ 1993ರ ಅತ್ಯುತ್ತಮ ಪಂದ್ಯ ಅಂತ ಆರಿಸಿದ್ದು ಇದನ್ನೇ. ಗಂಡಸರ, ಹೆಂಗಸರ ಎಲ್ಲ ಪಂದ್ಯಗಳನ್ನೂ ಸೇರಿಸಿ. ತಾಂತ್ರಿಕವಾಗಿ ಇದೇ ಮೇಲು ಇರಬಹುದು. ನನಗೆ ಮಾತ್ರ ಕವಾಸಾಕಿಯದೇ ಇಷ್ಟ, ಆ ಕೂದಲಿನಿಂದಾಗಿ.

ಮೂರನೆಯದು 1993ರ ಡಿಸೆಂಬರ್ 6ರಂದು, ಟೋಕಿಯೊದ ರ್ಯೋಗೊಕು ಕೊಕುಗಿಕಾನ್‌ನಲ್ಲಿ. ಅದು ಸುಮೊ ಕುಸ್ತಿಯ ಮನೆ. ಸುಮೊ ಆಡುವ ಮಣ್ಣಿನ ಜಗಲಿಗೆ ದೊಹ್ಯೊ ಅನ್ನುತ್ತಾರೆ. ಹೆಂಗಸರು ಅದನ್ನು ಹತ್ತಬಾರದು. 2018ರಲ್ಲಿ ಮೈಝುರು ಅನ್ನುವ ಊರಿನಲ್ಲಿ ಸುಮೊ ಕಾರ್ಯಕ್ರಮದ ಮಧ್ಯೆ ಊರಿನ ಮೇಯರ್ ದೊಹ್ಯೊ ಮೇಲೆಯೇ ಕುಸಿದು ಬಿದ್ದರು. ಕೆಲವು ಹೆಂಗಸರು ಓಡಿ ಹೋಗಿ ಎದೆ ಒತ್ತಿ ಪ್ರಾಣ ಉಳಿಸಲು ನೋಡಿದರೆ, ಧ್ವನಿವರ್ಧಕದಲ್ಲಿ ಹೆಂಗಸರು ಕೆಳಗಿಳಿಯಬೇಕು ಅಂತ ಘೋಷಣೆ ಬಂತು. ಆಮೇಲೆ ಸುಮೊ ಸಂಘ ಕ್ಷಮೆ ಕೇಳಿತು, ನಿಯಮ ಹಾಗೇ ಇದೆ. ನಾವೇನೂ ಕಮ್ಮಿ ಇಲ್ಲ, ಗರಡಿ ಬಾಗಿಲಲ್ಲೇ ಹೆಣ್ಣುಮಕ್ಕಳನ್ನು ನಿಲ್ಲಿಸಿದವರೇ. ಈಗ ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿ ಇದೆ, ಸಂತೋಷ.

ಕೊಕುಗಿಕಾನ್‌ನ ದೊಹ್ಯೊವನ್ನು ಬೇಡದಾಗ ಯಂತ್ರದಿಂದ ನೆಲದಡಿಗೆ ಇಳಿಸಬಹುದು. ಅಂದು ಅದೇ ಕಟ್ಟಡದಲ್ಲಿ ರಿಂಗ್ ಕಟ್ಟಿ, ಆ ನಾಲ್ವರು ಮೂರನೇ ಸಲ ಸಾಲಾಗಿ ನಿಂತರು. ಟೊಯೋಟಾ, ಯಮಾಡಾ ಬೆಲ್ಟು ವಾಪಸ್ ಪಡೆದರು.

ಆಮೇಲೆ ಎಲ್ಲ ಚದುರಿತು. ಝೆಂಜೊ ಸಾಲದಲ್ಲಿ ಮುಳುಗಿ 2005ರಲ್ಲಿ ಬಾಗಿಲು ಹಾಕಿತು. ಯಮಾಡಾ ಅವರು 2004ರಲ್ಲಿ, ಕನ್ಸಾಯ್ ಅವರು 2016ರಲ್ಲಿ ನಿವೃತ್ತರಾದರು. ಒಝಾಕಿ ಅವರು ತಮ್ಮದೇ ಕಂಪನಿ ಕಟ್ಟಿ 50 ದಾಟಿದ ಮೇಲೂ ರಿಂಗಿಗಿಳಿದರು. ನಾನು ಮೊದಲೇ ಹೇಳಲಿಲ್ಲವೇ, ಚಾಲಾಕಿ ಅಂತ. ಟೊಯೋಟಾ ಅವರ ವಿದಾಯ 2017ರ ನವೆಂಬರ್ 3ರಂದು ಯೊಕೊಹಾಮಾದಲ್ಲಿ ಆಯಿತು. ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರಂತೆ, 50ಕ್ಕೂ ಹೆಚ್ಚು ಜನರ ಜೊತೆ ಆಡಿದರು. ಮದುವೆ ಮುಗಿಸಿ ಹೊರಟವರು ಊರಿಗೆಲ್ಲ ಕೈ ಮುಗಿದು ಹೋಗುತ್ತಾರಲ್ಲ, ಹಾಗೆ.

ಕಳೆದ ತಿಂಗಳು ಕವಾಸಾಕಿ ಪಂದ್ಯದ ಲಿಂಕನ್ನು ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಅವನಿಗೆ ಈಗ ಮಂಡಿ ನೋವು, ಸಂಜೆ ಹೊತ್ತು ಜಗಲಿಯಲ್ಲೇ ಕೂತಿರುತ್ತಾನೆ. ಎರಡು ದಿನ ನೀಲಿ ಗೆರೆ ಬಂದಿರಲಿಲ್ಲ. ಮೂರನೇ ದಿನ ರಾತ್ರಿ ಫೋನು ಬಂತು. ಹಿಂದೆ ಜಪಾನಿ ಕಾಮೆಂಟರಿ ಕೇಳುತ್ತಿತ್ತು.

“ಏನೇ ಇದು, ಹೆಂಗಸರಾ ಇವರು, ಅಬ್ಬಾ.” ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಲ್ಲ, ಆ ಗಿಡ್ಡ ಕೂದಲಿನವಳು ಯಾಕೆ ಅಲ್ಲೇ ನಿಂತಿದಾಳೆ? ಇವಳು ಅಷ್ಟು ಒದೆ ತಿಂತಿದಾಳೆ, ಒಳಗೆ ಬರಬಾರದಾ?”

“ಕೈ ಕೊಡಬೇಕಲ್ಲ ಅಣ್ಣ” ಅಂದೆ.

“ಓ” ಅಂದ. ಫೋನು ಇಡಲಿಲ್ಲ. ಪಂದ್ಯ ಮುಗಿಯುವವರೆಗೆ ಇಬ್ಬರೂ ಹಾಗೇ, ಅವನ ಕಡೆಯ ಸದ್ದು ನಾನು ಕೇಳುತ್ತಾ, ಕೂತಿದ್ದೆವು.